ಗಿಡ, ಮಣ್ಣು, ಕೆಸರು ಎಷ್ಟು ಅನಿಲ ಬಿಡುತ್ತವೆ? ಅಳೆಯುವ ಕ್ರಮ

ಬಕೆಟ್ ಒಂದನ್ನು ನೆಲದ ಮೇಲೆ ಬೋರಲು ಹಾಕಿ, ಒಳಗಿನ ಗಾಳಿಯಲ್ಲಿ ಅನಿಲ ಯಾವ ವೇಗದಲ್ಲಿ ಏರುತ್ತದೆ ಎಂದು ನೋಡುವುದು. ಸಸ್ಯಲೋಕದಿಂದ ಹೊರಡುವ ಹಸಿರುಮನೆ ಅನಿಲಗಳನ್ನು ಅಳೆಯುವ ಕೆಲಸದ ತಿರುಳು ಇಷ್ಟೇ. ಕಷ್ಟವೆಲ್ಲ ಉಳಿದದ್ದರಲ್ಲಿದೆ. ಬಕೆಟ್ ಏನನ್ನು ಮುಚ್ಚಿದೆ, ಎಷ್ಟು ಹೊತ್ತು ಮುಚ್ಚಿದೆ, ಒಳಗೆ ಬೆಳಕಿದೆಯೇ ಇಲ್ಲವೇ ಎಂಬುದನ್ನು ನೋಡಿಕೊಂಡು ಅದೇ ಜಾಗ ಬೇರೆ ಬೇರೆ ಉತ್ತರ ಕೊಡುತ್ತದೆ. ಹಾಗಾಗಿ ಉಪಕರಣ ಕೊಳ್ಳುವ ಮೊದಲು ಯಾವ ಅನಿಲ ಯಾವ ಬಾಗಿಲಿನಿಂದ ಹೊರಬರುತ್ತದೆ ಎಂಬುದು ಗೊತ್ತಿರಬೇಕು.

ಯಾವ ಅನಿಲ, ಎಲ್ಲಿಂದ

ಇಂಗಾಲದ ಡೈಆಕ್ಸೈಡ್ ಹಗಲೂ ರಾತ್ರಿ ಎಲೆ, ಕಾಂಡ, ಬೇರುಗಳ ಉಸಿರಾಟದಿಂದ ಬರುತ್ತದೆ. ದ್ಯುತಿಸಂಶ್ಲೇಷಣೆಯಲ್ಲಿ ಹಿಡಿದ ಇಂಗಾಲದ ಸುಮಾರು ಅರ್ಧವನ್ನು ಗಿಡ ತನ್ನ ಉಸಿರಿನಲ್ಲೇ ಹಿಂದಿರುಗಿಸುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ತರಗೆಲೆಯಾಗಿ, ಸತ್ತ ಬೇರಾಗಿ ಮಣ್ಣಿಗೆ ಸೇರಿ ಸೂಕ್ಷ್ಮಜೀವಿಗಳ ಬಾಯಿಗೆ ಬೀಳುತ್ತದೆ. ಭೂಮಿಯ ಮಣ್ಣೆಲ್ಲ ವರ್ಷಕ್ಕೆ ಬಿಡುವ ಈ ಅನಿಲ, ಕಲ್ಲಿದ್ದಲು ಮತ್ತು ತೈಲ ಸುಟ್ಟು ಮನುಷ್ಯರು ಬಿಡುವುದಕ್ಕಿಂತ ಹಲವು ಪಟ್ಟು ಹೆಚ್ಚು. ಇದನ್ನೇ ಹಿಡಿದು ‘ಕಾಡೇ ದೊಡ್ಡ ಮಾಲಿನ್ಯಕಾರಕ’ ಎನ್ನುವವರಿದ್ದಾರೆ. ಅದು ಜಮೆ ಬಿಟ್ಟು ಖರ್ಚಿನ ಪುಟ ಮಾತ್ರ ಓದುವ ಲೆಕ್ಕ. ಮಣ್ಣು ಬಿಡುವ ಇಂಗಾಲವನ್ನು ಎಲೆಗಳು ಇದೇ ಗಾಳಿಯಿಂದ ಹಿಡಿದಿದ್ದವು.

ಮೀಥೇನ್ ಕಥೆ ಬೇರೆ. ಆಮ್ಲಜನಕ ತಲುಪದ ಕೆಸರಿನಲ್ಲಿ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ. ಅವಕ್ಕೆ ಮೇವು ಕೊಳೆತ ಗಿಡ ಮತ್ತು ಬೇರು ಒಸರುವ ರಸ. ಪ್ರಕೃತಿಯಲ್ಲಿ ಮೀಥೇನ್‌ನ ಅತಿದೊಡ್ಡ ಮೂಲ ಜೌಗು ನೆಲ. ಜೊಂಡು, ಭತ್ತ, ನೈದಿಲೆಯಂಥ ಗಿಡಗಳ ಒಳಗೆ ಗಾಳಿ ಓಡಾಡುವ ಕೊಳವೆಗಳಿರುತ್ತವೆ. ಆಮ್ಲಜನಕ ಆ ದಾರಿಯಲ್ಲಿ ಬೇರಿಗೆ ಇಳಿಯುತ್ತದೆ, ಮೀಥೇನ್ ಅದೇ ದಾರಿಯಲ್ಲಿ ಚಿಮಣಿಯ ಹೊಗೆಯಂತೆ ಮೇಲೇರುತ್ತದೆ.

ಒಣ ನೆಲದ ಹಸಿರೆಲೆ ತಾನೇ ಮೀಥೇನ್ ಬಿಡುತ್ತದೆಯೇ? ವಿಜ್ಞಾನಿ ಫ್ರಾಂಕ್ ಕೆಪ್ಲರ್ ಮತ್ತು ಸಂಗಡಿಗರು 2006ರಲ್ಲಿ ಹೌದು, ಅದೂ ಬಹಳ ಎಂದು ಪ್ರಕಟಿಸಿದಾಗ ದೊಡ್ಡ ಚರ್ಚೆಯಾಯಿತು. ಮರುವರ್ಷ ಇಂಗಾಲ-13ರಲ್ಲಿ (ಗುರುತು ಹಿಡಿಯಬಹುದಾದ, ತುಸು ಭಾರದ ಇಂಗಾಲ) ಬೆಳೆಸಿದ ಗಿಡಗಳನ್ನು ಪರೀಕ್ಷಿಸಿದ ಇನ್ನೊಂದು ತಂಡಕ್ಕೆ ಹೇಳಿಕೊಳ್ಳುವಷ್ಟು ಸಿಗಲಿಲ್ಲ. ನೇರಳಾತೀತ ಬೆಳಕು ಮತ್ತು ಶಾಖಕ್ಕೆ ಎಲೆಯ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್‌ನಿಂದ ಅಲ್ಪ ಪ್ರಮಾಣದಲ್ಲಿ ಮೀಥೇನ್ ಹುಟ್ಟುತ್ತದೆ ಎಂಬುದು ಆಮೇಲೆ ಖಚಿತವಾಯಿತು. ಅಷ್ಟು ಸಣ್ಣ ಪ್ರಮಾಣವನ್ನು ಅಗ್ಗದ ಉಪಕರಣದಲ್ಲಿ ಹುಡುಕಲು ಹೋಗಬೇಡಿ.

ನೈಟ್ರಸ್ ಆಕ್ಸೈಡ್ ಬಹುಪಾಲು ಮಣ್ಣಿನ ಬ್ಯಾಕ್ಟೀರಿಯಾಗಳದ್ದು. ಅದು ಬರುವ ಸಮಯವೇ ಅದರ ಮುಖ್ಯ ಸಮಸ್ಯೆ. ಆ ಮಾತು ಕೊನೆಗೆ.

ಸೆನ್ಸರ್ ಆರಿಸುವಾಗ

ಇಂಗಾಲದ ಡೈಆಕ್ಸೈಡ್‌ಗೆ ಅವಕೆಂಪು ಬೆಳಕಿನಿಂದ ಅಳೆಯುವ, ಎನ್‌ಡಿಐಆರ್ ಎಂದು ನಮೂದಿಸಿದ ಸೆನ್ಸರ್ ಬೇಕು. ‘ಇಸಿಒ2’ ಎಂದು ಬರೆದಿರುವ ಅಗ್ಗದ ಸೆನ್ಸರ್‌ಗಳು ಈ ಅನಿಲವನ್ನು ಅಳೆಯುವುದೇ ಇಲ್ಲ. ಬೇರೆ ಆವಿಗಳನ್ನು ಮೂಸಿ ಅಂದಾಜು ಹೇಳುತ್ತವೆ. ಹಾಗೆಯೇ ಎಂಕ್ಯೂ-4 ಮಾದರಿಯ ಮೀಥೇನ್ ಸೆನ್ಸರ್ ನೈಸರ್ಗಿಕ ಅನಿಲ ಸೋರಿದರೆ ಎಚ್ಚರಿಸಲು ಮಾಡಿದ್ದು. ನೂರಾರು ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಇದ್ದರೆ ಮಾತ್ರ ಅದು ನಂಬಿಕೆಗೆ ಅರ್ಹ. ಗಾಳಿಯಲ್ಲಿ ಮೀಥೇನ್ ಇರುವುದು 2 ಪಿಪಿಎಂಗೂ ಸ್ವಲ್ಪ ಕಡಿಮೆ. ತೇವ ಬದಲಾದರೂ ಅದರ ಮುಳ್ಳು ಅಲ್ಲಾಡುತ್ತದೆ, ನೀವು ಆವಿಯನ್ನು ಮೀಥೇನ್ ಎಂದು ಬರೆದುಕೊಳ್ಳುತ್ತೀರಿ.

ಎನ್‌ಡಿಐಆರ್ ಸೆನ್ಸರ್ ತಂದ ಕೂಡಲೇ ಅದರ ಸ್ವಯಂಚಾಲಿತ ತಿದ್ದುವಿಕೆಯನ್ನು ಬಂದ್ ಮಾಡಿ. ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನೇ ಹೊರಗಾಳಿ ಎಂದುಕೊಂಡು ಅದು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಸದಾ ಮುಚ್ಚಿದ ಡಬ್ಬದಲ್ಲಿ ಇರುವ ಸೆನ್ಸರ್‌ಗೆ ಇದು ಮುಳುವು. ಬದಲಿಗೆ ಗಾಳಿ ಬೀಸುವ ನಡುಮಧ್ಯಾಹ್ನ ಬಯಲಿನಲ್ಲಿ 20 ನಿಮಿಷ ಇಟ್ಟು ನೀವೇ ಹೊಂದಿಸಿ. ಅಂಕಿ 420ರಿಂದ 430 ಪಿಪಿಎಂ ಆಸುಪಾಸು ಇರಬೇಕು. ಬೆಳಗಿನ ಜಾವ ಗಿಡಗಳ ನಡುವೆ ಹೊಂದಿಸಿದರೆ ರಾತ್ರಿಯಿಡೀ ಸೇರಿಕೊಂಡ ಉಸಿರು ಅಲ್ಲೇ ನಿಂತಿರುತ್ತದೆ, ಶುರುವಾತೇ ತಪ್ಪು.

ಡಬ್ಬ ಮತ್ತು ಬಳೆ

ಎರಡು ಭಾಗ ಬೇಕು. ಮಣ್ಣಿನಲ್ಲಿ ಖಾಯಂ ಕೂರುವ ಬಳೆ, ಅದರ ಮೇಲೆ ಅಳತೆಯ ಹೊತ್ತಿಗೆ ಮಾತ್ರ ಇಡುವ ಮುಚ್ಚಳದ ಡಬ್ಬ. ಬಳೆಗೆ 30 ಸೆಂ.ಮೀ. ವ್ಯಾಸದ ಪಿವಿಸಿ ಪೈಪನ್ನು 8 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ಒಂದು ಅಂಚನ್ನು ಚೂಪಾಗಿ ಉಜ್ಜಿ, 3 ಸೆಂ.ಮೀ. ಮಣ್ಣಿಗೆ ಇಳಿಸಿ. ಅದಕ್ಕಿಂತ ಆಳಕ್ಕೆ ಹೋದರೆ ಮೇಲ್ಪದರದ ಬೇರುಗಳು ತುಂಡಾಗುತ್ತವೆ. ಇಳಿಸಿದ ದಿನ ಅಳೆಯಬೇಡಿ. ಕದಡಿದ ಮಣ್ಣು ಒಮ್ಮೆಗೇ ಬಹಳ ಅನಿಲ ಬಿಡುತ್ತದೆ. ಕನಿಷ್ಠ ಒಂದು ದಿನ, ಸಾಧ್ಯವಾದರೆ ಒಂದು ವಾರ ಬಿಡಿ.

ಡಬ್ಬ 20 ಸೆಂ.ಮೀ. ಎತ್ತರದ್ದಾದರೆ ಸಾಕು. ಅಂಚಿಗೆ ಮೆತ್ತನೆಯ ರಬ್ಬರ್ ಸ್ಪಂಜಿನ ಪಟ್ಟಿ, ಒಳಗೆ ಮೆಲ್ಲಗೆ ತಿರುಗುವ 5 ವೋಲ್ಟ್ ಫ್ಯಾನ್, ಮೇಲೆ ಬಿಸಿಲು ತಡೆಯುವ ಬೆಳ್ಳಿಹಾಳೆ. ಫ್ಯಾನನ್ನು ನೆಲದತ್ತ ತಿರುಗಿಸಬೇಡಿ. ರಭಸದ ಗಾಳಿ ಮಣ್ಣಿನ ಸಂದುಗಳಲ್ಲಿ ನಿಂತ ಅನಿಲವನ್ನು ಎಬ್ಬಿಸುತ್ತದೆ. ಡಬ್ಬದ ಪಕ್ಕಕ್ಕೆ ತೆಳುವಾದ, ಉದ್ದನೆಯ ನಳಿಕೆಯೊಂದನ್ನು ಸಿಕ್ಕಿಸಿ ಅದರ ತುದಿ ತೆರೆದಿಡಿ. ಇದನ್ನು ಹಲವರು ಸೋರಿಕೆ ಎಂದು ಮುಚ್ಚಿಬಿಡುತ್ತಾರೆ. ಮುಚ್ಚಿದರೆ ಡಬ್ಬ ಒತ್ತಿ ಕೂರಿಸುವಾಗ ಒಳಗಿನ ಒತ್ತಡ ಏರಿ, ಮಣ್ಣಿನಿಂದ ಬರಬೇಕಾದ ಅನಿಲ ಅಲ್ಲೇ ನಿಲ್ಲುತ್ತದೆ.

ಸೋರಿಕೆ ನೋಡಲು ಡಬ್ಬವನ್ನು ಗಾಜಿನ ಹಲಗೆಯ ಮೇಲಿಟ್ಟು, ನಳಿಕೆಯಲ್ಲಿ ಒಂದೆರಡು ಬಾರಿ ಊದಿ. ನಮ್ಮ ಉಸಿರಿನಲ್ಲಿ ಸುಮಾರು 40,000 ಪಿಪಿಎಂ ಇರುವುದರಿಂದ ಅಂಕಿ ಬೇಗ ಎರಡು ಸಾವಿರ ದಾಟುತ್ತದೆ. ಹತ್ತು ನಿಮಿಷದಲ್ಲಿ 100ಕ್ಕಿಂತ ಹೆಚ್ಚು ಇಳಿದರೆ ಪಟ್ಟಿ ಬದಲಿಸಿ. ಅದೇ ಕಾರಣಕ್ಕೆ, ಅಳೆಯುವಾಗ ಡಬ್ಬದ ಮೇಲೆ ಬಗ್ಗಿ ಉಸಿರಾಡಬೇಡಿ. ಗಾಳಿ ಬೀಸುವ ದಿಕ್ಕಿಗೆ ಡಬ್ಬದ ಆಚೆ ನಿಲ್ಲಿ, ನಿಮ್ಮ ಉಸಿರು ದೂರ ಹೋಗಲಿ.

ಅಳತೆ ಮತ್ತು ಲೆಕ್ಕ

ಡಬ್ಬ ಮೆಲ್ಲಗೆ ಕೂರಿಸಿ, ಐದು ನಿಮಿಷ ಬಿಡಿ, ಐದೈದು ಸೆಕೆಂಡಿಗೊಮ್ಮೆ ಅಂಕಿ ದಾಖಲಾಗಲಿ. ಮೊದಲ 30 ಸೆಕೆಂಡ್ ಬಿಟ್ಟುಬಿಡಿ. ಉಳಿದ ಅಂಕಿಗಳ ಮೇಲೆ ನೇರ ಗೆರೆ ಎಳೆಯಿರಿ. ಬೇಕಾದದ್ದು ಅದರ ಏರಿಕೆಯ ದರ ಮಾತ್ರ. ಸೆನ್ಸರ್ 30 ಪಿಪಿಎಂ ಹೆಚ್ಚು ತೋರಿಸುತ್ತಿದ್ದರೂ ದರ ಹೆಚ್ಚುಕಡಿಮೆ ಸರಿಯಾಗೇ ಇರುತ್ತದೆ. ಹತ್ತು, ಹದಿನೈದು ನಿಮಿಷ ಮುಚ್ಚಿಟ್ಟರೆ ಗೆರೆ ಬಾಗತೊಡಗುತ್ತದೆ, ಏಕೆಂದರೆ ಒಳಗಿನ ಗಾಳಿಯಲ್ಲಿ ಅನಿಲ ತುಂಬಿದಷ್ಟೂ ಮಣ್ಣಿನಿಂದ ಬರುವುದು ನಿಧಾನವಾಗುತ್ತದೆ.

ಸೂತ್ರ ಹೀಗಿದೆ: ಸೆಕೆಂಡಿಗೆ ಎಷ್ಟು ಪಿಪಿಎಂ ಏರಿತೋ ಅದನ್ನು ಡಬ್ಬದ ಪರಿಣಾಮಕಾರಿ ಎತ್ತರದಿಂದ (ಮೀಟರ್‌ನಲ್ಲಿ) ಗುಣಿಸಿ, ಮತ್ತೆ 40.9ರಿಂದ ಗುಣಿಸಿ. 25 ಡಿಗ್ರಿ ಸೆಲ್ಸಿಯಸ್, ಸಮುದ್ರಮಟ್ಟದ ಒತ್ತಡದಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಇರುವುದು 40.9 ಮೋಲ್ (ಅಣುಗಳನ್ನು ಎಣಿಸುವ ಮಾನ; ಅದರ ಹತ್ತು ಲಕ್ಷದಲ್ಲೊಂದು ಪಾಲು ಮೈಕ್ರೋಮೋಲ್). ಉತ್ತರ ಚದರ ಮೀಟರ್‌ಗೆ ಸೆಕೆಂಡಿಗೆ ಇಷ್ಟು ಮೈಕ್ರೋಮೋಲ್ ಎಂದು ಬರುತ್ತದೆ.

ಎತ್ತರ ಎಂದರೆ ಡಬ್ಬದ 20 ಸೆಂ.ಮೀ. ಮಾತ್ರವಲ್ಲ, ನೆಲದಿಂದ ಮೇಲೆ ಉಳಿದ ಬಳೆಯ 5 ಸೆಂ.ಮೀ. ಕೂಡ ಸೇರಿ 25. ಇದನ್ನು ಮರೆತರೆ ಉತ್ತರ ಶೇ. 20 ಕಡಿಮೆ ಬರುತ್ತದೆ, ಮತ್ತು ಬಹಳ ಜನ ಮರೆಯುತ್ತಾರೆ. ಕೆಳಗೆ ಅಗಲ, ಮೇಲೆ ಕಿರಿದಾದ ಡಬ್ಬವಾದರೆ ನೀರು ತುಂಬಿ ಗಾತ್ರ ಅಳೆದು, ಬಳೆಯ ವಿಸ್ತೀರ್ಣದಿಂದ ಭಾಗಿಸಿ ಅದರ ಎತ್ತರ ಪಡೆಯಿರಿ.

ಐದು ನಿಮಿಷಕ್ಕೆ 120 ಪಿಪಿಎಂ ಏರಿತು ಎನ್ನಿ. ಸೆಕೆಂಡಿಗೆ 0.4. ಅದನ್ನು 0.25ರಿಂದಲೂ 40.9ರಿಂದಲೂ ಗುಣಿಸಿದರೆ 4.09 ಮೈಕ್ರೋಮೋಲ್. ಇಡೀ ದಿನ ಇದೇ ವೇಗವೆಂದರೆ ಚದರ ಮೀಟರ್‌ಗೆ ಸುಮಾರು 15.5 ಗ್ರಾಂ ಇಂಗಾಲದ ಡೈಆಕ್ಸೈಡ್. ಆದರೆ ಇಡೀ ದಿನ ಇದೇ ವೇಗ ಇರುವುದಿಲ್ಲ. ಮಣ್ಣು 10 ಡಿಗ್ರಿ ಬಿಸಿಯಾದರೆ ಉಸಿರಾಟ ಸುಮಾರು ಎರಡು ಪಟ್ಟಾಗುತ್ತದೆ, ಆದ್ದರಿಂದ 5 ಸೆಂ.ಮೀ. ಆಳದ ಮಣ್ಣಿನ ಉಷ್ಣತೆಯನ್ನು ಪ್ರತಿ ಸಲವೂ ಬರೆದಿಡಿ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಒತ್ತಡ ಸುಮಾರು ಶೇ. 10 ಕಡಿಮೆ, 40.9ನ್ನೂ ಅಷ್ಟೇ ಇಳಿಸಿಕೊಳ್ಳಿ.

ಗೆರೆಗೆ ಹೊಂದದ ಅಳತೆಗಳನ್ನು ಕಣ್ಣುಮುಚ್ಚಿ ಎಸೆಯುವ ಅಭ್ಯಾಸ ಒಳ್ಳೆಯದಲ್ಲ. ಅನಿಲವೇ ಬಾರದ ಒಣ ಮಣ್ಣಿನಲ್ಲಿ ಅಂಕಿಗಳು ಸಹಜವಾಗಿಯೇ ಚೆದುರಿರುತ್ತವೆ. ಅವನ್ನೆಲ್ಲ ಕೈಬಿಟ್ಟರೆ ಸರಾಸರಿ ಸುಳ್ಳಾಗಿ ಏರುತ್ತದೆ.

ಬಳೆಯೊಳಗೆ ಹಸಿರು ಗಿಡವಿದ್ದರೆ ಎರಡು ಸಲ ಅಳೆಯಿರಿ: ಒಮ್ಮೆ ಬೆಳ್ಳಿಹಾಳೆಯಿಲ್ಲದ ಪಾರದರ್ಶಕ ಡಬ್ಬದಲ್ಲಿ, ಮತ್ತೊಮ್ಮೆ ಕಪ್ಪು ಬಟ್ಟೆ ಹೊದಿಸಿ. ಮೊದಲನೆಯದು ಗಿಡ ಹೀರಿದ್ದು ಮತ್ತು ಬಿಟ್ಟದ್ದರ ವ್ಯತ್ಯಾಸ, ಎರಡನೆಯದು ಉಸಿರಾಟ ಮಾತ್ರ. ಎಲೆ ಬಿಡುವ ನೀರಾವಿಯೂ ಲೆಕ್ಕ ಕೆಡಿಸುತ್ತದೆ. ಒಳಗಿನ ಗಾಳಿಯಲ್ಲಿ ಆವಿಯ ಪಾಲು ಶೇ. 1 ಹೆಚ್ಚಿದರೆ 420 ಪಿಪಿಎಂ ಸುಮಾರು 4 ಇಳಿದಂತೆ ಕಾಣುತ್ತದೆ. ಬೇರಿನ ಪಾಲು ಎಷ್ಟು, ಸೂಕ್ಷ್ಮಜೀವಿಗಳದ್ದು ಎಷ್ಟು ಎಂದು ಬೇರ್ಪಡಿಸಲು ಸುತ್ತ ಕಂದಕ ತೋಡಿ ಬೇರು ಕಡಿಯುವ ವಿಧಾನವಿದೆ. ಆದರೆ ಕಡಿದ ಬೇರು ಕೊಳೆಯುತ್ತಾ ಅನಿಲ ಬಿಡುವುದರಿಂದ ಕೆಲವು ತಿಂಗಳು ಕಾಯದೆ ಆ ಅಂಕಿ ನಂಬುವಂತಿಲ್ಲ.

ಸೆನ್ಸರ್ ಇಲ್ಲದಿದ್ದರೆ ಕಾಸ್ಟಿಕ್ ಸೋಡಾ ಸಾಕು. 1 ನಾರ್ಮಲ್ (ಲೀಟರ್‌ಗೆ 40 ಗ್ರಾಂ) ದ್ರಾವಣವನ್ನು ಅಗಲವಾದ ಪ್ಲಾಸ್ಟಿಕ್ ಬಟ್ಟಲಲ್ಲಿ ಮುಕ್ಕಾಲಿಯ ಮೇಲಿಟ್ಟು, 24 ಗಂಟೆ ಡಬ್ಬ ಮುಚ್ಚಿ. ಈ ವಿಧಾನದಲ್ಲಿ ಮಾತ್ರ ನಳಿಕೆಯನ್ನು ಮುಚ್ಚಬೇಕು. ನಂತರ ಬೇರಿಯಂ ಕ್ಲೋರೈಡ್ ಹಾಕಿ ಕಾರ್ಬೊನೇಟನ್ನು ಗಸಿಯಾಗಿಸಿ, ಫಿನಾಲ್ಫ್ತಲೀನ್ ಸೂಚಕದ ಬಣ್ಣ ಹೋಗುವವರೆಗೆ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಅಳೆದು ಹನಿಹನಿಯಾಗಿ ಹಾಕಿ (ಟೈಟ್ರೇಟ್ ಮಾಡಿ). ಇಟ್ಟ ಸೋಡಾದ ಅಳತೆಯಿಂದ ಈ ಆಮ್ಲದ ಅಳತೆ ಕಳೆದರೆ ಖರ್ಚಾದ ಸೋಡಾ ಸಿಗುತ್ತದೆ. ಖರ್ಚಾದ ಪ್ರತಿ ಮಿ.ಲೀ. ಸೋಡಾ 22 ಮಿ.ಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ ಸಮ. ಮೇಲಿನ ಉದಾಹರಣೆಯ ಮಣ್ಣು 30 ಸೆಂ.ಮೀ. ಬಳೆಯಲ್ಲಿ ದಿನಕ್ಕೆ 1.1 ಗ್ರಾಂ ಬಿಡುತ್ತದೆ, ಅಂದರೆ 50 ಮಿ.ಲೀ. ಸೋಡಾ ಪೂರ್ತಿ ಮುಗಿಯುತ್ತದೆ. ಹಾಗಾಗಿ 100 ಮಿ.ಲೀ. ಇಡಿ. ತಳ ಮುಚ್ಚಿದ ಇನ್ನೊಂದು ಡಬ್ಬದಲ್ಲೂ ಅಷ್ಟೇ ಸೋಡಾ ಇಟ್ಟು, ಅದರಲ್ಲಿ ಖರ್ಚಾದದ್ದನ್ನು ಕಳೆಯಿರಿ. ಸೋಡಾ ಚರ್ಮ ಸುಡುತ್ತದೆ, ಬೇರಿಯಂ ಕ್ಲೋರೈಡ್ ವಿಷ. ಕೈಗವಸು, ಕನ್ನಡಕ ಬೇಕೇಬೇಕು.

ಜೌಗು ನೆಲದಲ್ಲಿ

ಇಲ್ಲಿ ನಿಮ್ಮ ಕಾಲೇ ಮೊದಲ ಶತ್ರು. ಕೆಸರಿಗೆ ಹೆಜ್ಜೆ ಇಟ್ಟರೆ ಗುಳ್ಳೆಗಳು ಎದ್ದುಬರುತ್ತವೆ. 1776ರಲ್ಲಿ ವಿಜ್ಞಾನಿ ಅಲೆಸ್ಸಾಂಡ್ರೋ ವೋಲ್ಟಾ ಇಟಲಿಯ ಮಜ್ಜೋರೆ ಸರೋವರದಲ್ಲಿ ಕೆಸರನ್ನು ಕೋಲಿನಿಂದ ಕದಡಿಯೇ ಮೀಥೇನ್ ಹಿಡಿದದ್ದು. ಅವನಿಗೆ ಬೇಕಿದ್ದದ್ದು ಅನಿಲ, ನಿಮಗೆ ಬೇಕಿರುವುದು ವೇಗ. ಆದ್ದರಿಂದ ಹಲಗೆಯ ದಾರಿ ಹಾಕಿ ಅದರ ಮೇಲಿಂದಲೇ ಕೈಚಾಚಿ.

ಗುಳ್ಳೆ ಹಿಡಿಯಲು 30 ಸೆಂ.ಮೀ. ಬಾಯಿಯ ಆಲಿಕೆಯನ್ನು ನೀರಲ್ಲಿ ಮುಳುಗಿಸಿ ಬೋರಲು ನಿಲ್ಲಿಸಿ, ಮೇಲ್ತುದಿಗೆ ನೀರು ತುಂಬಿದ ಸಿರಿಂಜನ್ನು ಕೊಳಾಯಿಯೊಂದಿಗೆ ಜೋಡಿಸಿ. ಒಳಗೆ ಒಂದೂ ಗಾಳಿಗುಳ್ಳೆ ಉಳಿದಿರಬಾರದು. ಒಂದು ದಿನಕ್ಕೆ 100 ಮಿ.ಲೀ. ಅನಿಲ ಸೇರಿ, ಪರೀಕ್ಷೆಯಲ್ಲಿ ಅದರರ್ಧ ಮೀಥೇನ್ ಎಂದು ಬಂದರೆ ಚದರ ಮೀಟರ್‌ಗೆ ಸುಮಾರು 0.46 ಗ್ರಾಂ. ಮೀಥೇನ್ ಪಾಲು ಜಾಗದಿಂದ ಜಾಗಕ್ಕೆ ಬಹಳ ಬದಲಾಗುತ್ತದೆ, ಊಹಿಸಬೇಡಿ. ಬೆಂಕಿ ಹಚ್ಚಿ ನೋಡುವುದೂ ಬೇಡ. ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಮೀಥೇನ್ ಬೆರೆತರೆ ಸ್ಫೋಟಿಸುತ್ತದೆ.

ಗಿಡದ ಮೂಲಕ ಬರುವುದನ್ನು ಅಳೆಯಲು ಗಿಡಕ್ಕಿಂತ ಎತ್ತರದ ಡಬ್ಬ ಬೇಕು. ಭತ್ತದಲ್ಲಿ ಮೀಥೇನ್‌ನ ಬಹುಪಾಲು ಗಿಡದೊಳಗಿಂದಲೇ ಬರುವುದರಿಂದ ಸಾಲುಗಳ ನಡುವಿನ ನೀರಿನ ಮೇಲೆ ಮಾತ್ರ ಡಬ್ಬ ಇಟ್ಟವರು ಹೆಚ್ಚಿನ ಪಾಲನ್ನು ಕಳೆದುಕೊಂಡಂತೆ. ಕಾಂಡ ಬಗ್ಗಿದರೂ ಮುರಿದರೂ ದಾರಿ ಬದಲಾಗುತ್ತದೆ.

ಮೀಥೇನ್, ನೈಟ್ರಸ್ ಆಕ್ಸೈಡ್ ಎರಡಕ್ಕೂ 0, 10, 20, 30ನೇ ನಿಮಿಷದಲ್ಲಿ ಸಿರಿಂಜಿನಿಂದ 20 ಮಿ.ಲೀ. ತೆಗೆದು, ಗಾಳಿ ಹೀರಿ ಖಾಲಿಮಾಡಿದ 12 ಮಿ.ಲೀ. ಗಾಜಿನ ಸೀಸೆಗೆ ಒತ್ತಿ ತುಂಬಿ ಗ್ಯಾಸ್ ಕ್ರೊಮ್ಯಾಟೋಗ್ರಾಫ್ (ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇರುವ ಪ್ರಯೋಗಾಲಯಕ್ಕೆ ಕಳಿಸಬೇಕು. ಒಳಗೆ ಒತ್ತಡ ಹೆಚ್ಚಿದ್ದರೆ ಸಣ್ಣ ಸೋರಿಕೆಯಾದರೂ ಹೊರಗಾಳಿ ಒಳಗೆ ಬೆರೆಯುವುದಿಲ್ಲ. ಒಣ ಕಾಡಿನ ಮಣ್ಣಿನಲ್ಲಿ ಮೀಥೇನ್ ದರ ಋಣಾತ್ಮಕವಾಗಿ ಬಂದರೆ ಗಾಬರಿ ಬೇಡ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ತಿನ್ನುತ್ತಿವೆ.

ಮರದ ಕಾಂಡ

ಬದುಕಿರುವ ಮರದ ಒದ್ದೆ ಚೇಗಿನಲ್ಲೂ ಮೀಥೇನ್ ಹುಟ್ಟುತ್ತದೆ ಎಂದು ವಿಜ್ಞಾನಿಗಳಾದ ಝೈಕಸ್ ಮತ್ತು ವಾರ್ಡ್ 1974ರಲ್ಲೇ ತೋರಿಸಿದ್ದರು. ಅಳೆಯಲು ಪ್ಲಾಸ್ಟಿಕ್ ಡಬ್ಬವನ್ನು ಅರ್ಧಕ್ಕೆ ಸೀಳಿ, ದಪ್ಪ ಸ್ಪಂಜಿನ ಅಂಚಿಟ್ಟು, ಪಟ್ಟಿಯಿಂದ ಕಾಂಡಕ್ಕೆ ಬಿಗಿಯಿರಿ. ಒರಟು ತೊಗಟೆಯ ಬಿರುಕುಗಳಲ್ಲಿ ಸೋರುತ್ತದೆ, ಅಲ್ಲಿ ಜೇಡಿಮಣ್ಣು ಮೆತ್ತಿ. ನೆಲದಿಂದ 20, 60, 140 ಸೆಂ.ಮೀ. ಎತ್ತರಗಳಲ್ಲಿ ಅಳೆಯುವುದು ಮುಖ್ಯ. ಮೇಲೆ ಹೋದಂತೆ ಸರಸರ ಇಳಿದರೆ ಅನಿಲ ಬೇರಿನ ಮೂಲಕ ಮಣ್ಣಿನಿಂದ ಬರುತ್ತಿರುವ ಸಾಧ್ಯತೆ ಹೆಚ್ಚು. ಎಲ್ಲ ಎತ್ತರದಲ್ಲೂ ಹೆಚ್ಚುಕಡಿಮೆ ಒಂದೇ ಇದ್ದರೆ, ಅಥವಾ ನಡುವೆ ಎಲ್ಲೋ ಜಿಗಿದರೆ, ಚೇಗನ್ನು ಸಂಶಯಿಸಿ.

ನೈಟ್ರಸ್ ಆಕ್ಸೈಡ್‌ನ ಸಮಯ

ಮಣ್ಣಿನ ಸಂದುಗಳಲ್ಲಿ ಶೇ. 60ರಿಂದ 80ರಷ್ಟು ನೀರು ತುಂಬಿದಾಗ ಈ ಅನಿಲ ಅತಿ ಹೆಚ್ಚು. ಪೂರ್ತಿ ಮುಳುಗಿದರೆ ಅದು ಮುಂದುವರಿದು ಸಾದಾ ಸಾರಜನಕವಾಗಿಬಿಡುತ್ತದೆ. ಬಹಳ ದಿನ ಒಣಗಿದ ಮಣ್ಣಿಗೆ ಮಳೆ ಬಿದ್ದರೆ ಕೆಲವೇ ಗಂಟೆಗಳಲ್ಲಿ ಶುರುವಾಗಿ, ಕೆಲವು ದಿನಗಳಲ್ಲಿ ಅಬ್ಬರ ಮುಗಿಯುತ್ತದೆ. ತಿಂಗಳಿಗೆ ಎರಡು ನಿಗದಿತ ದಿನ ಅಳೆಯುವ ವೇಳಾಪಟ್ಟಿ ಈ ಅಬ್ಬರವನ್ನೇ ತಪ್ಪಿಸಿಕೊಳ್ಳಬಹುದು. ಸೀಸೆಗಳು ಕಡಿಮೆಯಿದ್ದರೆ ಒಣ ದಿನಗಳಲ್ಲಿ ಉಳಿಸಿ, ಮಳೆಯ ನಂತರದ ಐದು ದಿನ ಪ್ರತಿದಿನವೂ ಒಂದೇ ಹೊತ್ತಿಗೆ ಬಳಸಿ. ಮಣ್ಣಿನ ತೇವವನ್ನು ಅಳೆಯುವುದು ಬಳೆಯ ಹೊರಗೆ. ಒಳಗೆ ಚುಚ್ಚಿದ ತೂತುಗಳಿಂದಲೂ ಅನಿಲ ಬರುತ್ತದೆ.