ಮೂಡಿಗೆರೆ ಮಳೆಯಲ್ಲಿ ಇನ್ಸುಲಿನ್ ಲೂಪ್: ನನ್ನ ಅನುಭವ

ಲೂಪ್ ಅಂದರೆ ಮೈಮೇಲಿನ ಸೆನ್ಸರ್ ಅಳೆದ ಸಕ್ಕರೆ ನೋಡಿ, ಫೋನ್ ಲೆಕ್ಕ ಹಾಕಿ, ಪಂಪಿನಿಂದ ಇನ್ಸುಲಿನ್ ಕೊಡಿಸುವ, ನಾವೇ ಜೋಡಿಸಿಕೊಂಡ ಏರ್ಪಾಡು. ನಮ್ಮ ಕಡೆ ಅದು ನಡೆಯಲ್ಲ ಅಂತ ಹೇಳಿದವರೇ ಜಾಸ್ತಿ. ಕರೆಂಟು ಯಾವಾಗ ಹೋಗುತ್ತೋ ಗೊತ್ತಿಲ್ಲ, ಟವರ್ ಸಿಗಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗಲ್ಲ. "ಇಂಥ ಜಾಗದಲ್ಲಿ ಒಂದು ಫೋನಿನ ಕೈಗೆ ಇನ್ಸುಲಿನ್ ಕೊಡ್ತೀರಾ? ಅದು ಕೆಟ್ಟರೆ ಯಾರು ಹೊಣೆ?" ಅಂತ ಹಾಸನದ ನಮ್ಮ ಡಾಕ್ಟರು ನೇರವಾಗಿಯೇ ಕೇಳಿದ್ದರು. ಬೆಂಗಳೂರಿನಲ್ಲಿ ಲೂಪ್ ಹಾಕಿಕೊಂಡಿದ್ದ ಗೆಳೆಯರೂ "ತೋಟದಲ್ಲಿ ಕಷ್ಟ ಮಾರಾಯ" ಅಂದರು. ನಾನು ಮೂಡಿಗೆರೆ ಹತ್ತಿರದ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವ. ಟೈಪ್ ಒನ್ ಸಕ್ಕರೆ ಕಾಯಿಲೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಈಗ ಮೂರನೇ ಮಳೆಗಾಲವೂ ಲೂಪ್‌ನಲ್ಲೇ ಕಳೆಯಿತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ, ಎಂಟೂವರೆ ಹತ್ತಿರ ಇದ್ದ ಎಚ್‌ಬಿಎ1ಸಿ ಆರೂಮುಕ್ಕಾಲಿಗೆ ಬಂದು ನಿಂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಟವರ್ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಆಂಡ್ರಾಯ್ಡ್‌ ಎಪಿಎಸ್ (ಲೂಪ್ ನಡೆಸುವ ಆ್ಯಪ್) ಲೆಕ್ಕ ಹಾಕುವುದು ಫೋನಿನ ಒಳಗೇ. ಸೆನ್ಸರ್‌ನಿಂದ ಫೋನಿಗೆ ಬ್ಲೂಟೂತ್, ಫೋನಿಂದ ಸಂದೇಶ ದಾಟಿಸುವ ಪುಟ್ಟ ಡಬ್ಬಿ ರೈಲಿಲಿಂಕ್‌ಗೆ ಬ್ಲೂಟೂತ್, ಅಲ್ಲಿಂದ ಹಳೆಯ ಮೆಡ್‌ಟ್ರಾನಿಕ್ 722 ಪಂಪಿಗೆ ರೇಡಿಯೋ. ಇದರಲ್ಲಿ ಟವರ್ ಎಲ್ಲಿ ಬಂತು? ಬೆಂಗಳೂರಿನಲ್ಲಿರುವ ಅಕ್ಕ, ಸಕ್ಕರೆಯನ್ನು ದೂರದಿಂದ ನೋಡುವ ವೆಬ್ ಪುಟವಾದ ನೈಟ್‌ಸ್ಕೌಟ್‌ನಲ್ಲಿ ನನ್ನ ಗ್ರಾಫ್ ನೋಡಬೇಕಾದರೆ ಮಾತ್ರ ನೆಟ್ ಬೇಕು.

ಅಸಲು ಪ್ರಶ್ನೆ ಬೇರೆ. ಫೋನ್ ಸತ್ತು ಮಾತು ನಿಂತಾಗ ಪಂಪ್ ಏನು ಮಾಡುತ್ತದೆ? ಬೇಸಲ್ ಅಂದರೆ ದಿನವಿಡೀ ಹನಿಹನಿಯಾಗಿ ಹೋಗುವ ಇನ್ಸುಲಿನ್, ಟೆಂಪ್ ಬೇಸಲ್ ಅಂದರೆ ಲೂಪ್ ಅದನ್ನು ಸ್ವಲ್ಪ ಹೊತ್ತಿಗೆ ಹೆಚ್ಚುಕಡಿಮೆ ಮಾಡುವುದು. ಈ ಟೆಂಪ್ ಬೇಸಲ್ ಸಾಮಾನ್ಯವಾಗಿ ಅರ್ಧ ಗಂಟೆಯದ್ದು. ಐದೈದು ನಿಮಿಷಕ್ಕೆ ಹೊಸ ರೀಡಿಂಗ್ ಬಂದಾಗ ಫೋನ್ ಅದನ್ನು ಬದಲಿಸುತ್ತಲೋ ಮುಂದುವರಿಸುತ್ತಲೋ ಹೋಗುತ್ತದೆ. ಅದು ಸುಮ್ಮನಾದರೆ ಆ ಅವಧಿಗೆ ಟೆಂಪ್ ತಾನಾಗೇ ಮುಗಿಯುತ್ತದೆ. ಪಂಪ್ ತನ್ನೊಳಗೆ ಬರೆದಿಟ್ಟ ಮಾಮೂಲಿ ಬೇಸಲ್‌ಗೆ ವಾಪಸ್ ಬರುತ್ತದೆ. 2015ರಲ್ಲಿ ಟೈಪ್ ಒನ್ ಇರುವ ಅಮೆರಿಕದ ಡೇನಾ ಲೂಯಿಸ್ ಮತ್ತು ಸಂಗಡಿಗರು ಓಪನ್‌ ಎಪಿಎಸ್ ಅನ್ನುವ ಲೂಪ್ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟಾಗಿನಿಂದಲೂ ಇದೇ ತಳಪಾಯ. ಕಂಪನಿ ಪಂಪ್‌ಗಳಲ್ಲೂ ಇಂಥದ್ದೇ ಏರ್ಪಾಡು ಇದೆ. ಮೆಡ್‌ಟ್ರಾನಿಕ್ 780ಜಿ ಪಂಪ್, ಸೆನ್ಸರ್ ರೀಡಿಂಗ್ ತಪ್ಪಿದರೆ ಗರಿಷ್ಠ ನಾಲ್ಕು ಗಂಟೆ ಸೇಫ್ ಬೇಸಲ್‌ನಲ್ಲಿ ಓಡಿ, ಆಮೇಲೆ ಮ್ಯಾನುಯಲ್‌ಗೆ ಇಳಿಯುತ್ತದೆ.

ಡಾಕ್ಟರ ಮುಂದೆ ಅವರದೇ ಚೀಟಿಯ ಹಿಂಬದಿ ಈ ಲೆಕ್ಕ ಬರೆದೆ. ನನ್ನ ಬೇಸಲ್ ಗಂಟೆಗೆ 0.7 ಯೂನಿಟ್ ಆಸುಪಾಸು. ಮ್ಯಾಕ್ಸ್ ಬೇಸಲ್ ಮೂರು ಪಟ್ಟು ಇಟ್ಟರೆ 2.1. ಆ ವೇಗದಲ್ಲಿ ಓಡುತ್ತಿರುವಾಗಲೇ ಫೋನ್ ಸತ್ತಿತು ಅಂತ ಇಟ್ಟುಕೊಳ್ಳಿ. ಅರ್ಧ ಗಂಟೆಯಲ್ಲಿ ಮಾಮೂಲಿಗಿಂತ ಹೆಚ್ಚಿಗೆ ಹೋಗುವುದು 0.7 ಯೂನಿಟ್. ಒಂದು ಯೂನಿಟ್ ನನಗೆ ಸಕ್ಕರೆಯನ್ನು ಸುಮಾರು 45 ಪಾಯಿಂಟ್ (ಎಂಜಿ/ಡಿಎಲ್) ಇಳಿಸುತ್ತದೆ. ಅಂದರೆ ಮೂವತ್ತು ಚಿಲ್ಲರೆ ಪಾಯಿಂಟ್. ಕಾಫಿಗೆ ಹಾಕುವ ಎರಡು ಚಮಚ ಸಕ್ಕರೆಯಲ್ಲಿ ಸರಿಹೋಗುತ್ತದೆ. "ಸೊನ್ನೆ ಬೇಸಲ್‌ನಲ್ಲಿ ಇದ್ದಾಗ ಸತ್ತರೆ?" ಅಂದರು. ಅದೂ ಹೆಚ್ಚೆಂದರೆ ಎರಡು ಗಂಟೆ, ಆಮೇಲೆ ಇನ್ಸುಲಿನ್ ಮತ್ತೆ ಶುರು ಅಂದೆ. "ಫೋನ್ ತಲೆಕೆಟ್ಟು ಹತ್ತು ಯೂನಿಟ್ ಕೇಳಿದರೆ?" ಅಂದರು. ಪಂಪಿನ ಒಳಗೂ ಮ್ಯಾಕ್ಸ್ ಬೇಸಲ್, ಮ್ಯಾಕ್ಸ್ ಬೋಲಸ್ (ಒಂದೇ ಸಲಕ್ಕೆ ಕೊಡುವ ಡೋಸಿನ ಮಿತಿ) ಬೇರೆಯಾಗಿ ಹಾಕಿಟ್ಟಿದ್ದೇನೆ. ಅದಕ್ಕಿಂತ ಜಾಸ್ತಿ ಕೇಳಿದರೆ ಪಂಪೇ ಒಪ್ಪಲ್ಲ. ಎರಡು ಕಡೆಯೂ ಮಿತಿ ಇರಲಿ ಅನ್ನುವುದು ನನ್ನ ಹಟ. ಫೋನಿನ ಮಿತಿಯನ್ನೇ ನಂಬಿ ಪಂಪಿನಲ್ಲಿ ದೊಡ್ಡ ಅಂಕಿ ಬಿಟ್ಟವರನ್ನು ನೋಡಿದ್ದೇನೆ. ನನಗದು ಒಪ್ಪಿಗೆಯಿಲ್ಲ.

ಮೊದಲ ಮಳೆಗಾಲದಲ್ಲೇ ಪರೀಕ್ಷೆ ಬಂತು. ರಾತ್ರಿ ಮರ ಬಿದ್ದು ಲೈನ್ ಹೋಯಿತು. ಪವರ್‌ ಬ್ಯಾಂಕ್ ಮೊದಲೇ ಖಾಲಿ. ನಡುರಾತ್ರಿ ದಾಟಿದ ಮೇಲೆ ಫೋನ್ ಆಫ್. ಟೆಂಪ್ ಬೇಸಲ್ ಓಡುವಾಗ 722ರ ಪರದೆಯ ಮೇಲೆ ಒಂದು ಟೊಳ್ಳು ವೃತ್ತ ಕಾಣುತ್ತದೆ. ಬೆಳಿಗ್ಗೆ ಟಾರ್ಚ್ ಹಾಕಿ ನೋಡಿದರೆ ಆ ವೃತ್ತ ಇಲ್ಲ. ಬೇಸಲ್ ತನ್ನ ಪಾಡಿಗೆ ಹೋಗುತ್ತಿತ್ತು. ಬೆರಳು ಚುಚ್ಚಿ ನೋಡಿದೆ, 160ರ ಹತ್ತಿರ. ಲೂಪ್ ಇಲ್ಲದ ಹಿಂದಿನ ವರ್ಷಗಳ ಎಷ್ಟೋ ಬೆಳಗಿಗಿಂತ ಅದೇ ಚೆನ್ನಾಗಿತ್ತು. ಆದರೆ ಇದು ನಡೆಯಬೇಕಾದರೆ ಪಂಪಿನ ಮಾಮೂಲಿ ಬೇಸಲ್ ಸರಿಯಾಗಿರಬೇಕು. ಲೂಪ್ ಹೇಗೂ ಸರಿಮಾಡುತ್ತೆ ಅಂತ ಬೇಸಲ್ ಪರೀಕ್ಷೆ ಬಿಟ್ಟರೆ ವಾಪಸ್ ಬೀಳುವ ನೆಲವೇ ಗಟ್ಟಿಯಿರಲ್ಲ. ಊಟ ಬಿಟ್ಟು ಬೇಸಲ್ ನೋಡುವ ಕೆಲಸವನ್ನು ಈಗಲೂ ಪ್ರತಿ ಮಳೆಗಾಲದ ಮುಂಚೆ ಮಾಡುತ್ತೇನೆ.

ಫೋನ್ ಸಾಯುವುದಕ್ಕಿಂತ ಜಾಸ್ತಿ ಕಾಡಿದ್ದು ಫೋನ್ ನಿದ್ದೆ ಮಾಡುವುದು. ಮೊದಲು ಕೊಂಡ ಅಗ್ಗದ ಫೋನ್ ಬ್ಯಾಟರಿ ಉಳಿಸೋಕೆ ಅಂತ ಹಿಂದೆ ಓಡುವ ಆ್ಯಪನ್ನೇ ಕೊಂದುಹಾಕುತ್ತಿತ್ತು. ಸೆಟ್ಟಿಂಗ್ ಬದಲಿಸಿದರೂ ಅಪ್‌ಡೇಟ್ ಬಂದ ಮೇಲೆ ಮತ್ತೆ ಅದೇ ಕತೆ. ಹನ್ನೊಂದು ಸಾವಿರದ ಫೋನ್ ಮೂಲೆಗೆ ಹೋಯಿತು.

ಐಒಬಿ ಅಂದರೆ ಮಾಮೂಲಿ ಬೇಸಲ್ ಬಿಟ್ಟು ಮೈಯಲ್ಲಿ ಇನ್ನೂ ಕೆಲಸ ಮಾಡುತ್ತಿರುವ ಇನ್ಸುಲಿನ್. ಅದರ ಮಿತಿ, ಮ್ಯಾಕ್ಸ್ ಐಒಬಿ, ಸೊನ್ನೆ ಇಟ್ಟು ಲೋ ಗ್ಲೂಕೋಸ್ ಸಸ್ಪೆಂಡ್‌ನಲ್ಲಿ ನಾನು ಇಡೀ ಒಂದು ಮಳೆಗಾಲ ಕಳೆದೆ. ಆ ಹಂತದಲ್ಲಿ ಲೂಪ್ ಇನ್ಸುಲಿನ್ ಕಡಿಮೆ ಮಾಡಬಹುದು, ಐಒಬಿ ಮೈನಸ್‌ಗೆ ಇಳಿದಿದ್ದರೆ ಅಷ್ಟನ್ನು ತುಂಬಬಹುದು, ಅದರಾಚೆ ಒಂದು ಹನಿ ಸೇರಿಸುವಂತಿಲ್ಲ. ಸುಮಾರು ಜನ ಆಬ್ಜೆಕ್ಟಿವ್ (ಆ್ಯಪ್ ಒಂದೊಂದಾಗಿ ಕೊಡುವ ಹಂತಗಳು) ಮುಗಿಸುವ ಅವಸರದಲ್ಲಿ ಇದನ್ನು ದಾಟಿಬಿಡುತ್ತಾರೆ. ನನ್ನ ರಾತ್ರಿಯ ಲೋಗಳು (ಸಕ್ಕರೆ ತೀರಾ ಇಳಿಯುವುದು) ಕಡಿಮೆಯಾದದ್ದು ಇಲ್ಲೇ, ಮುಂದಿನ ಹಂತದಲ್ಲಲ್ಲ. ಆಮೇಲೆ ಐಒಬಿ ಮಿತಿಯನ್ನು ಅರ್ಧ ಅರ್ಧ ಯೂನಿಟ್ ಏರಿಸಿದೆ. ಎಲ್ಲಿ ನಿಲ್ಲಿಸಿದೆ ಅಂತ ಬಹಳ ಜನ ಕೇಳುತ್ತಾರೆ. ಆ ಅಂಕಿ ಹೇಳಲ್ಲ. ಅದು ನನ್ನ ಮೈಯ ಅಂಕಿ, ನಕಲು ಮಾಡಿದರೆ ಅಪಾಯ.

ಸೆನ್ಸರ್ ಸುಳ್ಳು ಹೇಳುವುದು ಎರಡು ಥರ. ತೋಳಿನ ಮೇಲೆ ಮಲಗಿದಾಗ ಬರುವ ಸುಳ್ಳು ಲೋ ಅಷ್ಟೇನೂ ಕೆಡಿಸಲ್ಲ, ಬೇಸಲ್ ಸ್ವಲ್ಪ ಹೊತ್ತು ನಿಲ್ಲುತ್ತದೆ, ಆಮೇಲೆ ಸಕ್ಕರೆ ಒಂದಷ್ಟು ಏರುತ್ತದೆ. ಸುಳ್ಳು ಹೈ ಹಾಗಲ್ಲ, ಅದಕ್ಕೆ ಲೂಪ್ ನಿಜವಾದ ಇನ್ಸುಲಿನ್ ಕೊಡುತ್ತದೆ. ನನ್ನ ಸೆನ್ಸರ್ ಲಿಬ್ರೆ, ಹಾಕಿದ ಮೊದಲ ದಿನ ಬೆರಳಿನ ಲೆಕ್ಕಕ್ಕಿಂತ 60-70 ಪಾಯಿಂಟ್ ಮೇಲೆ ತೋರಿಸಿದ್ದುಂಟು. ಅದಕ್ಕೇ ಹೊಸ ಸೆನ್ಸರ್ ಹಾಕಿದ ದಿನ ಲೂಪನ್ನು ಸಸ್ಪೆಂಡ್ ಹಂತಕ್ಕೇ ಇಳಿಸಿಡುತ್ತೇನೆ. ಮಳೆಗೆ ಟೇಪ್ ಏಳದ ಹಾಗೆ ಏನು ಹಚ್ಚುತ್ತೇನೆ ಅನ್ನುವುದು ಇಲ್ಲಿ ಬೇಡ. ಚರ್ಮ ಕೆಂಪಾಗಿ ಉರಿಸಿಕೊಂಡು ಕಂಡುಕೊಂಡದ್ದು, ಎದುರು ಬಂದವರಿಗೆ ತೋರಿಸಿಕೊಡುತ್ತೇನೆ.

ಲೂಪ್‌ಗೆ ಏನು ಮಾಡಿದರೂ ಕಾಣದ ಜಾಗ ಒಂದಿದೆ, ಕ್ಯಾನುಲಾ, ಅಂದರೆ ಪಂಪಿನ ಇನ್ಸುಲಿನ್ ಬಿಡಲು ಚರ್ಮದಡಿ ಇಡುವ ಸಣ್ಣ ನಳಿಕೆ. ಅದು ಒಳಗೆ ಮಡಚಿಕೊಂಡರೆ ಫೋನ್ ಪ್ರಕಾರ ಇನ್ಸುಲಿನ್ ಹೋಗುತ್ತಿದೆ, ಮೈಗೆ ಏನೂ ಬಂದಿಲ್ಲ. ಪಂಪಿನವರಿಗೆ ದಿನವಿಡೀ ಕೆಲಸ ಮಾಡುವ ಲಾಂಗ್ ಆ್ಯಕ್ಟಿಂಗ್ ಇರಲ್ಲ, ಕೆಲವೇ ಗಂಟೆಯಲ್ಲಿ ಕೀಟೋನ್ (ಇನ್ಸುಲಿನ್ ಇಲ್ಲದಾಗ ರಕ್ತದಲ್ಲಿ ಸೇರುವ ಅಪಾಯದ ಆಮ್ಲ) ಶುರು. ಒಂದು ಸಲ ಕೊಯ್ಲಿನ ಕಾಲದಲ್ಲಿ, ಸಂಜೆ ಹಣ್ಣು ತೂಗಿಸುತ್ತಿದ್ದಾಗ 310 ತೋರಿಸಿತು. ಬಾಯಿ ಒಣಗುತ್ತಿತ್ತು. ಐಒಬಿ ಮಿತಿ ಮುಟ್ಟಿ ಲೂಪ್ ಅಲ್ಲಿಗೇ ನಿಂತಿತ್ತು. ಸೆಟ್ (ಕ್ಯಾನುಲಾ ಇರುವ ಕೊಳವೆ) ತೆಗೆದರೆ ತುದಿ ಕೊಕ್ಕೆಯ ಹಾಗೆ ಬಗ್ಗಿದೆ. ಆವತ್ತಿನಿಂದ ನಿಯಮ: 250ರ ಮೇಲೆ ಹೋಗಿ, ಕರೆಕ್ಷನ್ (ಸಕ್ಕರೆ ಇಳಿಸುವ ಡೋಸ್) ಕೊಟ್ಟು ಎರಡು ಗಂಟೆಯಾದರೂ ಇಳಿಯದಿದ್ದರೆ ಕೀಟೋನ್ ನೋಡಬೇಕು, ಇನ್ಸುಲಿನ್ ಪೆನ್ನಿಂದ ಚುಚ್ಚಬೇಕು, ಹೊಸ ಸೆಟ್ ಹಾಕಬೇಕು. ಪೆನ್ ಡೋಸನ್ನು ಆ್ಯಪಿನಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಅದು ಮೇಲಿಂದ ಮತ್ತೆ ಕೊಡುತ್ತದೆ. ಬ್ಯಾಗಿನಲ್ಲಿ ಪೆನ್ ಇಲ್ಲದೆ ನಾನು ತೋಟಕ್ಕೆ ಇಳಿಯಲ್ಲ.

ಮಧ್ಯೆ ಒಂದು ಪ್ರಯೋಗ. ಕಡುಬು, ಹಂದಿ ಮಾಂಸ ತಿಂದ ರಾತ್ರಿ ಸಕ್ಕರೆ ಎರಡು ಸಲ ಏರುತ್ತದೆ. ಕಡುಬಿಗೆ ಬೇಗ, ಕೊಬ್ಬಿಗೆ ನಾಲ್ಕೈದು ಗಂಟೆ ಬಿಟ್ಟು. ಎರಡನೇ ಏರಿಗೂ ಮೊದಲೇ ಬೋಲಸ್ ಕೊಟ್ಟು ನೋಡಿದೆ, ನಡುವೆ ಲೋ ಆಯಿತು. ಕಡುಬಿಗಷ್ಟೇ ಕೊಟ್ಟು ಉಳಿದದ್ದನ್ನು ಲೂಪ್‌ಗೆ ಬಿಟ್ಟಾಗ 190 ದಾಟಲಿಲ್ಲ. ನಡೆದರೆ ಸಕ್ಕರೆ ಇಳಿಯುತ್ತದೆ, ಅದಕ್ಕೇ ತೋಟ ಸುತ್ತುವ ದಿನ ಹೊರಡುವ ಒಂದು ಗಂಟೆ ಮೊದಲೇ ಟಾರ್ಗೆಟ್ 140 ಮಾಡುತ್ತೇನೆ. ಹೊರಟ ಮೇಲೆ ಮಾಡಿದರೆ ಒಳಗಿರುವ ಇನ್ಸುಲಿನ್ ವಾಪಸ್ ಬರಲ್ಲ ಅಲ್ವಾ?

ದುಡ್ಡಿನ ವಿಷಯ. ಸೆಕೆಂಡ್ ಹ್ಯಾಂಡ್ ಪಂಪಿಗೆ ನಲವತ್ತು ಸಾವಿರದ ಹತ್ತಿರ, ರೈಲಿಲಿಂಕ್‌ಗೆ ಕಸ್ಟಮ್ಸ್ ಸೇರಿ ಹದಿನೈದು, ಸೆನ್ಸರ್ ಮೇಲಿನ ಟ್ರಾನ್ಸ್‌ಮಿಟರ್‌ಗೆ ಅಷ್ಟೇ. ಸೆನ್ಸರ್, ಸೆಟ್, ಇನ್ಸುಲಿನ್ ಎಲ್ಲ ಸೇರಿ ತಿಂಗಳಿಗೆ ಇಪ್ಪತ್ತು ಸಾವಿರ ಆಗುತ್ತದೆ. ಹೆಂಡತಿಯ ಹೊಲಿಗೆ ದುಡ್ಡಿಲ್ಲದಿದ್ದರೆ ಆಗುತ್ತಿರಲಿಲ್ಲ. ಹೊಸ ಪಂಪಿಗೆ ಆಗ ಹೇಳಿದ್ದು ನಾಲ್ಕೈದು ಲಕ್ಷ. ಹಳೆ ಪಂಪಿನ ರೇಡಿಯೋಗೆ ಭದ್ರತೆ ಸಾಲದು ಅಂತ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. ನಾವು ಲೂಪ್ ಮಾಡುವುದು ಅದೇ ಸಂದಿಯಿಂದ, ಇದು ತಿಳಿದೇ ಇಳಿಯಬೇಕು.

ಡಾಕ್ಟರ ಮನಸ್ಸು ಬದಲಾದದ್ದು 2022ರಲ್ಲಿ ವೈದ್ಯಕೀಯ ಪತ್ರಿಕೆ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬಂದ ನ್ಯೂಜಿಲೆಂಡ್ ಪ್ರಯೋಗ ಓದಿದ ಮೇಲೆ. 97 ಜನ, 24 ವಾರ, ಆಂಡ್ರಾಯ್ಡ್‌ ಎಪಿಎಸ್ ಆಧಾರದ ಲೂಪ್. ಲೂಪ್ ಇದ್ದವರ ಟೈಮ್ ಇನ್ ರೇಂಜ್ (ಸಕ್ಕರೆ 70ರಿಂದ 180ರೊಳಗೆ ಇರುವ ಹೊತ್ತು) 61ರಿಂದ 71 ಪರ್ಸೆಂಟ್‌ಗೆ ಏರಿತು, ತೀವ್ರ ಲೋ ಯಾರಿಗೂ ಆಗಲಿಲ್ಲ. ನನ್ನದು ಎಂಬತ್ತರ ಹತ್ತಿರ. ಈಗ ಅವರೇ ಬೇರೆ ಪೇಷಂಟ್‌ಗಳಿಗೆ "ಮೂಡಿಗೆರೆ ರೈಟ್ರನ್ನ ಕೇಳಿ" ಅಂತ ಕಳಿಸುತ್ತಾರೆ.

ಹಾಗೆ ಬಂದವರಿಗೆ ಮೊದಲು ನೋಡಿಸುವುದು ಇನ್ಸುಲಿನ್ ಬಾಟಲಿ. ನಮ್ಮ ಊರುಗಳ ಮೆಡಿಕಲ್ ಶಾಪಿನಲ್ಲಿ ಮಿಲಿಲೀಟರಿಗೆ 40 ಐಯು (ಯೂನಿಟ್) ಇರುವ ಬಾಟಲಿ ಧಾರಾಳ. ಪಂಪ್ ಲೆಕ್ಕ ಹಾಕುವುದು 100 ಐಯು ಅಂತ. 40ರದ್ದು ತುಂಬಿದರೆ ಪ್ರತಿ ಯೂನಿಟ್‌ಗೆ ಅರ್ಧಕ್ಕಿಂತ ಕಡಿಮೆ ಹೋಗುತ್ತದೆ, ಯಾವ ಅಲಾರಂ ಕೂಡ ಕೂಗಲ್ಲ. ಲೂಪ್ ಸುಮ್ನೆ ಮೇಲೆ ಮೇಲೆ ಕೊಡುತ್ತಾ ಮಿತಿ ಮುಟ್ಟಿ ನಿಲ್ಲುತ್ತದೆ. ನಾನು ಚಿಕ್ಕಮಗಳೂರಿನಿಂದ ತರಿಸುವಾಗಲೂ ಲೇಬಲ್ ಮೇಲಿನ 100 ಓದಿಯೇ ದುಡ್ಡು ಕೊಡುವುದು.