ಬ್ಯಾಬ್ಲರ್‌ಗಳನ್ನ ಈಗಿನ ಫ್ಯಾಮಿಲಿ ಪ್ರಕಾರ ಜೋಡಿಸ್ಕೊಳ್ಳೋದು ಹೇಗೆ

ಹಳೇ ಫೀಲ್ಡ್ ಗೈಡ್ ಇಟ್ಕೊಂಡು ಪಶ್ಚಿಮ ಘಟ್ಟದಲ್ಲಿ ಹಕ್ಕಿ ನೋಡೋರಿಗೆ ಬ್ಯಾಬ್ಲರ್‌ಗಳಷ್ಟು (ಹರಟೆಮಲ್ಲ ಮತ್ತೆ ಅದರಂಥ ಹಕ್ಕಿಗಳು) ತಲೆ ಕೆಡಿಸೋ ಗುಂಪು ಇನ್ನೊಂದಿಲ್ಲ ಅನ್ಸುತ್ತೆ, ಪುಸ್ತಕದಲ್ಲಿ ಎಲ್ಲಾ ಟಿಮಾಲಿಡೇ ಅಂತ ಒಂದೇ ಫ್ಯಾಮಿಲಿ, ಹಕ್ಕಿ ನೋಡಿದ್ದನ್ನ ದಾಖಲಿಸೋ ಇ-ಬರ್ಡ್ ವೆಬ್‌ಸೈಟ್ ತೆಗೆದ್ರೆ ಐದಾರು ಕಡೆ ಚದುರಿ ಹೋಗಿವೆ. ಇನ್ನೂ ಹಿಂದಿನ ಸಲೀಂ ಅಲಿ, ರಿಪ್ಲಿ ಅವರ ಹ್ಯಾಂಡ್‌ಬುಕ್ ನೋಡಿದ್ರೆ ಅಲ್ಲಿ ಇವು ನೊಣಹಿಡುಕಗಳ ಫ್ಯಾಮಿಲಿ ಒಳಗಿನ ಒಂದು ಉಪಗುಂಪು ಅಷ್ಟೇ. ನಿಮ್ಮ ಹಳೇ ಪಟ್ಟಿನ ಈಗಿನದಕ್ಕೆ ಹೊಂದಿಸ್ಕೋಬೇಕು ಅಂದ್ರೆ ಹೀಗೆ ಮಾಡಿ.

ಮೊದಲು ಒಂದು ಚೆಕ್‌ಲಿಸ್ಟ್ ಆರಿಸ್ಕೊಳಿ, ಅದು ಯಾವ ವರ್ಷದ್ದು ಅಂತ ಪಕ್ಕದಲ್ಲೇ ಬರೆದಿಡಿ. ಇ-ಬರ್ಡ್ ಪಟ್ಟಿ ವರ್ಷಕ್ಕೊಂದ್ಸಲ, ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಬದಲಾಗುತ್ತೆ. ಪ್ರಪಂಚದ ಬೇರೆ ಬೇರೆ ಪಟ್ಟಿಗಳನ್ನ ಒಂದು ಮಾಡೋಕೆ ಅಂತ 2025ರಲ್ಲಿ ಏವಿಲಿಸ್ಟ್ ಬಂದಿದೆ, ಹೊಸದಾಗಿ ಶುರು ಮಾಡೋರು ಅದನ್ನೇ ಹಿಡಿಯೋದು ಒಳ್ಳೇದು. ಎರಡು ಪಟ್ಟಿನ ಕಲಸಿಬಿಟ್ರೆ ಮಾತ್ರ ಆಮೇಲೆ ಬಿಡಿಸೋಕೆ ಆಗಲ್ಲ.

ಆಮೇಲೆ ಫ್ಯಾಮಿಲಿ ಹೆಸರು ಬಾಯಿಪಾಠ ಮಾಡೋ ಬದಲು ಪ್ರತಿ ಹಕ್ಕಿಯ ಜೀನಸ್ ಹೆಸರು (ವೈಜ್ಞಾನಿಕ ಹೆಸರಿನ ಮೊದಲ ಪದ) ಬರ್ಕೊಳಿ, ಹಳೇದು ಒಂದು ಕಾಲಮ್, ಹೊಸದು ಒಂದು ಕಾಲಮ್. ನಮ್ಮ ಕಾಡು ಹರಟೆಮಲ್ಲ, ಅದೇ ಸೆವೆನ್ ಸಿಸ್ಟರ್ಸ್, ಮೊದಲು ಟರ್ಡಾಯ್ಡಿಸ್ ಆಗಿತ್ತು, 2018ರ ಅಧ್ಯಯನದ ನಂತರ ಆರ್ಗ್ಯ ಆಯ್ತು, ಹಳೇ ಹೆಸರು ಹೆಚ್ಚಾಗಿ ಆಫ್ರಿಕಾದ ಹಕ್ಕಿಗಳಿಗೆ ಉಳ್ಕೊಂಡಿದೆ. ಜೀನಸ್ ಸರಿಯಾಗಿ ಹಿಡ್ಕೊಂಡ್ರೆ ಫ್ಯಾಮಿಲಿ ತಾನಾಗೇ ಸಿಗುತ್ತೆ.

ಈಗ ಹಂಚೋ ಕೆಲಸ. ಇಲ್ಲಿ ಬಣ್ಣ ನಂಬಬೇಡಿ, ಕಾಡಿನ ನೆರಳಲ್ಲಿ ಬದುಕೋ ಹಕ್ಕಿಗಳು ಬೇರೆ ಬೇರೆ ವಂಶದವಾದ್ರೂ ಕಂದು ಬಣ್ಣದಲ್ಲೇ ಇರ್ತವೆ, ಹಿಂದಿನವರು ಇವನ್ನೆಲ್ಲಾ ಒಂದೇ ಕಡೆ ಸೇರಿಸೋಕೆ ಅದೂ ಒಂದು ಕಾರಣ. ಉದ್ದ ಬಾಗಿದ ಹಳದಿ ಕೊಕ್ಕು, ಬಿಳಿ ಹುಬ್ಬಿನ ಸಿಮಿಟರ್ ಬ್ಯಾಬ್ಲರ್, ಮತ್ತೆ ಪೊದೆಯೊಳಗೆ ನುಸುಳಾಡೋ ಕಪ್ಪು ತಲೆಯ ಡಾರ್ಕ್-ಫ್ರಂಟೆಡ್ ಬ್ಯಾಬ್ಲರ್, ಇವೆರಡು ಈಗಲೂ ಟಿಮಾಲಿಡೇ. ತರಗೆಲೆ ಮೇಲೆ ನಡ್ಕೊಂಡು ಹೋಗೋ ಪಫ್-ಥ್ರೋಟೆಡ್ ಬ್ಯಾಬ್ಲರ್ ಪೆಲ್ಲೋರ್ನಿಡೇಗೆ ಹೋಯ್ತು, ನೆತ್ತಿ ಕೆಂಗಂದು, ಗಂಟಲು ಬಿಳಿ, ಎದೆ ಮೇಲೆ ಗೆರೆ, ಒಂದ್ಸಲ ಹತ್ತಿರದಿಂದ ನೋಡಿದ್ರೆ ಮರೆಯಲ್ಲ. ಗುಂಪು ಕಟ್ಕೊಂಡು ಗಲಾಟೆ ಮಾಡೋ ಹರಟೆಮಲ್ಲಗಳು, ಲಾಫಿಂಗ್‌ಥ್ರಶ್‌ಗಳು ಎಲ್ಲಾ ಲಿಯೋಥ್ರಿಕಿಡೇ.

ಬೂದು ತಲೆಯ, ಬೇರೆ ಗುರುತೇ ಇಲ್ಲದ ಬ್ರೌನ್-ಚೀಕ್ಡ್ ಫುಲ್ವೆಟ್ಟಾನ ಮಾತ್ರ ಹುಷಾರಾಗಿ ನೋಡಿ, ಇದು ಸ್ವಲ್ಪ ವರ್ಷದ ಹಿಂದಿನವರೆಗೂ ಪೆಲ್ಲೋರ್ನಿಡೇಲಿತ್ತು, ಈಗ ಆಲ್ಸಿಪೆಯಿಡೇ ಅಂತ ಅದರ ಜೀನಸ್‌ಗೇ ಬೇರೆ ಫ್ಯಾಮಿಲಿ. ಘಟ್ಟದ ಕಾಡಲ್ಲಿ ಹಲವು ಜಾತಿ ಹಕ್ಕಿ ಸೇರ್ಕೊಂಡು ಸಾಗುವಾಗ ಅದರ ಜೊತೆ ಇದು ಹೆಚ್ಚಾಗಿ ಇದ್ದೇ ಇರುತ್ತೆ, ಹಾಗಾಗಿ ನಿಮ್ಮ ಪಟ್ಟಿಲೂ ಪದೇ ಪದೇ ಬಂದಿರುತ್ತೆ.

ಎಲ್ಲಕ್ಕಿಂತ ಹೆಚ್ಚು ಜನ ಒಪ್ಪೋಕೆ ಹಿಂದೆ ಮುಂದೆ ನೋಡೋದು ಬೆಳ್ಗಣ್ಣನ (ವೈಟ್-ಐ) ವಿಷಯದಲ್ಲಿ. ಹಸಿರು-ಹಳದಿ ಮೈ, ಕಣ್ಣ ಸುತ್ತ ಬಿಳಿ ಉಂಗುರ, ಹೂವಿಂದ ಹೂವಿಗೆ ಹಾರೋ ಇಷ್ಟು ಚಿಕ್ಕ ಹಕ್ಕಿಗೂ ಬ್ಯಾಬ್ಲರಿಗೂ ಏನು ಸಂಬಂಧ ಅಂತ ಕೇಳ್ತಾರೆ. ಆದ್ರೆ ಪಕ್ಷಿವಿಜ್ಞಾನಿ ಆಲಿಸ್ ಸಿಬ್ವಾ ಅವರು 2003ರಲ್ಲಿ ಪ್ರಕಟಿಸಿದ ಡಿಎನ್ಎ ಅಧ್ಯಯನದಲ್ಲಿ ಬೆಳ್ಗಣ್ಣಗಳು ಬ್ಯಾಬ್ಲರ್ ವಂಶವೃಕ್ಷದ ಪಕ್ಕದಲ್ಲಲ್ಲ, ಒಳಗೇ ಸಿಕ್ಕವು, ಈಶಾನ್ಯ ಭಾರತದ ಯುಹಿನಾ ಅನ್ನೋ ಬ್ಯಾಬ್ಲರ್‌ಗಳ ಹತ್ತಿರ. ಇಲ್ಲಿರೋ ನಿಯಮ ಇಷ್ಟೇ, ಒಂದು ಫ್ಯಾಮಿಲಿ ಅಂದ್ಮೇಲೆ ಒಬ್ಬ ಪೂರ್ವಜನಿಂದ ಬಂದೋರೆಲ್ಲಾ ಅದರಲ್ಲಿರಬೇಕು, ಒಡಹುಟ್ಟಿದೋರೆಲ್ಲಾ ಇದ್ದು ಒಬ್ಬನ ಹೆಸರು ಮಾತ್ರ ರೇಷನ್ ಕಾರ್ಡಿಂದ ಬಿಡೋಕಾಗಲ್ಲ. ಹಾಗಾದ್ರೆ ಉಳಿದಿದ್ದು ಎರಡೇ ದಾರಿ, ಬೆಳ್ಗಣ್ಣನ್ನೂ ಸೇರಿಸ್ಕೊಂಡು ಒಂದು ದೊಡ್ಡ ಫ್ಯಾಮಿಲಿ ಮಾಡೋದು, ಇಲ್ಲಾ ಎಲ್ಲವನ್ನೂ ಬೇರೆ ಬೇರೆ ಮನೆ ಮಾಡೋದು. ಈಗಿನ ಪಟ್ಟಿಗಳು ಎರಡನೇ ದಾರಿ ಹಿಡಿದಿವೆ, ನನಗೂ ಅದೇ ಸರಿ ಅನ್ಸುತ್ತೆ, ಯಾಕಂದ್ರೆ ಒಂದೇ ಹೆಸರಲ್ಲಿ ಅಷ್ಟನ್ನೂ ತುಂಬಿದ್ರೆ ಆ ಹೆಸರಿಂದ ನಮಗೆ ಏನೂ ತಿಳಿಯಲ್ಲ.

ಯೆಲ್ಲೋ-ಐಡ್ ಬ್ಯಾಬ್ಲರ್ ಕಥೆ ಚಿಕ್ಕದು. ಹೆಸರಲ್ಲಿ ಬ್ಯಾಬ್ಲರ್ ಇದೆ, ಆದ್ರೆ ಸೇರೋದು ಪ್ಯಾರಟ್‌ಬಿಲ್‌ಗಳ ಜೊತೆ, ಪ್ಯಾರಾಡಾಕ್ಸೋರ್ನಿಥಿಡೇ. ಹೆಸರಘಟ್ಟದಂಥ ಹುಲ್ಲುಗಾವಲಲ್ಲಿ ನೋಡಿದ್ರೆ ಅಲ್ಲಿ ಹಾಕಿ.

ಕೊಡಗಿನ ಕಡೆ ಹೋಗೋರಿಗೆ ಇನ್ನೊಂದು ಮಾತು. ಹಳೇ ನೋಟ್ಸಲ್ಲಿ ಹಿಂದೆ ಲಾಫಿಂಗ್‌ಥ್ರಶ್‌ಗಳಿಗಿದ್ದ ಜೀನಸ್ ಹೆಸರು ಗ್ಯಾರುಲಾಕ್ಸ್ ಅಂತಷ್ಟೇ ಬರೆದಿದ್ರೆ ಅದು ಸಾಲಲ್ಲ. ವಯನಾಡ್ ಲಾಫಿಂಗ್‌ಥ್ರಶ್ ಈಗ ಟೆರೋರೈನಸ್. ಬ್ರಹ್ಮಗಿರಿಯ ಶೋಲಾ (ಎತ್ತರದ ಬೆಟ್ಟದ ಕಣಿವೆ) ಕಾಡಿನ ಬಾಣಾಸುರ ಲಾಫಿಂಗ್‌ಥ್ರಶ್ ಮಾಂಟೆಸಿಂಕ್ಲಾ, 2017ರಲ್ಲಿ ಸಂಶೋಧಕ ವಿ.ವಿ. ರಾಬಿನ್ ಮತ್ತು ಜೊತೆಯವರು ಘಟ್ಟದ ಎತ್ತರದ ಶೋಲಾ ಹಕ್ಕಿಗಳಿಗೆ ಅಂತಲೇ ಕೊಟ್ಟ ಹೊಸ ಜೀನಸ್. ಇದರ ನಾಲ್ಕು ಜಾತಿಗಳೂ ಬೇರೆ ಬೇರೆ ಬೆಟ್ಟಸಾಲಲ್ಲಿ ಇರೋದ್ರಿಂದ ಜಾಗದ ಹೆಸರು ತಪ್ಪದೇ ಬರೀರಿ, ನಾಳೆ ಹೆಸರು ಮತ್ತೆ ಬದಲಾದ್ರೂ ನೀವು ನೋಡಿದ್ದು ಯಾವುದು ಅಂತ ಆ ಜಾಗದಿಂದಲೇ ಪತ್ತೆ ಹಚ್ಚಬಹುದು.