ಶಹಾಬಾದ್ ಪರಸಿಯ ಸಾಂದ್ರತೆಯನ್ನು ಮನೆಯಲ್ಲೇ ಅಳೆಯುವುದು ಹೇಗೆ?

ಕಲಬುರಗಿ ಸೀಮೆಯ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಪರಸಿಯೂ ಬೀದರಿನ ಕೆಂಪು ಜಂಬಿಟ್ಟಿಗೆಯೂ ಒಂದೇ ಅಳತೆಯ ತುಂಡುಗಳಾಗಿದ್ದರೂ ಕೈಗೆತ್ತಿಕೊಂಡಾಗ ಪರಸಿಯೇ ಹೆಚ್ಚು ಭಾರವೆನಿಸುತ್ತದೆ. ಈ ವ್ಯತ್ಯಾಸವನ್ನು ಅಂಕಿಯಲ್ಲಿ ಹೇಳುವುದೇ ಸಾಂದ್ರತೆ. ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಅದು ದೊರೆಯುತ್ತದೆ. ಸೂತ್ರ ಸರಳ, ಕಷ್ಟವಿರುವುದು ಗಾತ್ರವನ್ನು ಸರಿಯಾಗಿ ಅಳೆಯುವುದರಲ್ಲಿ.

ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ, ಅಗಲ ಬಾಯಿಯ ಪಾತ್ರೆ, ಗಟ್ಟಿ ದಾರ ಮತ್ತು ಮುಷ್ಟಿ ಗಾತ್ರದ ಕಲ್ಲಿನ ತುಂಡುಗಳಿದ್ದರೆ ಸಾಕು.

ಮೊದಲು ಪರಸಿಯ ತುಂಡನ್ನು ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ತೂಗಿರಿ. ತಕ್ಕಡಿ ತೋರಿಸುವ ಗ್ರಾಂ ಲೆಕ್ಕವನ್ನು ದ್ರವ್ಯರಾಶಿಯೆಂದೇ ತೆಗೆದುಕೊಳ್ಳಬಹುದು. ತೂಕವೆಂಬುದು ವಾಸ್ತವವಾಗಿ ಭೂಮಿ ಸೆಳೆಯುವ ಬಲವಾಗಿದ್ದು, ಚಂದ್ರನ ಮೇಲೆ ಅದು ಸುಮಾರು ಆರನೇ ಒಂದು ಭಾಗಕ್ಕೆ ಇಳಿದರೂ ದ್ರವ್ಯರಾಶಿ ಬದಲಾಗುವುದಿಲ್ಲ.

ಉದ್ದ, ಅಗಲ, ದಪ್ಪಗಳನ್ನು ಅಡಿಪಟ್ಟಿಯಿಂದ ಅಳೆದು ಗುಣಿಸಿದರೂ ಗಾತ್ರ ಸಿಗುತ್ತದೆ. ಆದರೆ ಗಣಿಯಿಂದ ಪದರಪದರವಾಗಿ ಎದ್ದು ಬರುವ ಪರಸಿಯ ದಪ್ಪ ಎಲ್ಲೆಡೆ ಒಂದೇ ಆಗಿರುವುದಿಲ್ಲ; 25 ಮಿಲಿಮೀಟರ್ ದಪ್ಪದಲ್ಲಿ 2 ಮಿಲಿಮೀಟರ್ ತಪ್ಪಿದರೆ ಗಾತ್ರದಲ್ಲಿ ಶೇ 8ರಷ್ಟು ತಪ್ಪುತ್ತದೆ. ಆದ್ದರಿಂದ ಈ ಕೆಲಸಕ್ಕೆ ನೀರನ್ನು ನಂಬುವುದೇ ಮೇಲು.

ಪಾತ್ರೆಗೆ ಮುಕ್ಕಾಲು ಭಾಗ ನೀರು ತುಂಬಿ ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತನ್ನಿರಿ. ಕಲ್ಲಿಗೆ ದಾರ ಕಟ್ಟಿ, ಅದು ಪೂರ್ತಿ ಮುಳುಗುವಂತೆ, ಆದರೆ ತಳಕ್ಕಾಗಲಿ ಪಾತ್ರೆಯ ಬದಿಗಾಗಲಿ ತಾಗದಂತೆ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಗ್ರಾಂಗಳೇ ಕಲ್ಲಿನ ಗಾತ್ರ, ಘನ ಸೆಂಟಿಮೀಟರುಗಳಲ್ಲಿ. ಕಲ್ಲು ಸರಿಸಿದ ನೀರಿನ ತೂಕದಷ್ಟೇ ಬಲದಿಂದ ನೀರು ಕಲ್ಲನ್ನು ಮೇಲಕ್ಕೆ ಒತ್ತುತ್ತದೆ, ಕಲ್ಲು ಅಷ್ಟೇ ಬಲದಿಂದ ನೀರನ್ನು ಕೆಳಕ್ಕೆ ಒತ್ತುತ್ತದೆ, ಮತ್ತು ಒಂದು ಘನ ಸೆಂಟಿಮೀಟರ್ ನೀರು ಒಂದು ಗ್ರಾಂ ತೂಗುತ್ತದೆ. ನಮ್ಮ ಬೇಸಿಗೆಯ 40 ಡಿಗ್ರಿ ನೀರಿನಲ್ಲಿಯೂ ಈ ಲೆಕ್ಕ ಶೇ 1ಕ್ಕಿಂತ ಕಡಿಮೆ ತಪ್ಪುತ್ತದೆ. ಒಣ ಕಲ್ಲು 318 ಗ್ರಾಂ ಇದ್ದು, ನೀರಿನಲ್ಲಿ ತೂಗುಬಿಟ್ಟಾಗ ತಕ್ಕಡಿ 120 ತೋರಿಸಿದರೆ, 318ನ್ನು 120ರಿಂದ ಭಾಗಿಸಿದಾಗ ಸಾಂದ್ರತೆ ಘನ ಸೆಂಟಿಮೀಟರಿಗೆ 2.65 ಗ್ರಾಂ. ಸುಣ್ಣದಕಲ್ಲಾದ ಪರಸಿಗೆ ಇದು ಒಪ್ಪುವ ಬೆಲೆ.

ಜಂಬಿಟ್ಟಿಗೆಯ ವಿಷಯ ಬೇರೆ, ಮತ್ತು ನನ್ನ ಮಟ್ಟಿಗೆ ಹೆಚ್ಚು ಸ್ವಾರಸ್ಯದ್ದು. ಅದರ ಮೈತುಂಬ ರಂಧ್ರಗಳಿರುವುದರಿಂದ ಮುಳುಗಿಸಿದೊಡನೆ ಗುಳ್ಳೆಗಳೇಳುತ್ತವೆ, ಅಂಕಿ ನಿಲ್ಲುವುದೇ ಇಲ್ಲ. ಬೀದರಿನ ನೌಬಾದ್‌ನಲ್ಲಿರುವ ಕರೇಜ್ ಎಂಬ ಹಳೆಯ ನೀರಿನ ಸುರಂಗಗಳಿಗೆ ಮಳೆಯ ನೀರು ಇಳಿದು ಬರುವುದೂ ಇಂಥ ಕಲ್ಲಿನ ಮೂಲಕವೇ. ಆದ್ದರಿಂದ ಒಣ ತುಂಡನ್ನು ತೂಗಿದ ಬಳಿಕ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಮೇಲ್ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ತೂಗಿ, ಆಮೇಲೆ ಹಿಂದಿನಂತೆಯೇ ತೂಗುಬಿಡಿ. ಒಣಗಿದಾಗ 300, ನೆನೆದಾಗ 340, ತೂಗುಬಿಟ್ಟಾಗ 150 ಬಂದಿತೆನ್ನೋಣ. 300ನ್ನು 150ರಿಂದ ಭಾಗಿಸಿದರೆ ರಂಧ್ರಗಳೂ ಸೇರಿದ ಕಲ್ಲಿನ ಸಾಂದ್ರತೆ 2 ಆಗುತ್ತದೆ. ಹೀರಿದ 40 ಗ್ರಾಂ ನೀರು ರಂಧ್ರಗಳ ಗಾತ್ರವನ್ನು ಹೇಳುವುದರಿಂದ, ಉಳಿದ 110 ಘನ ಸೆಂಟಿಮೀಟರುಗಳಿಂದ ಭಾಗಿಸಿದಾಗ ಗಟ್ಟಿ ಭಾಗದ ಸಾಂದ್ರತೆ ಸುಮಾರು 2.73 ಎಂದು ಬರುತ್ತದೆ. ನೀರು ಹೊಗದ ಮುಚ್ಚಿದ ರಂಧ್ರಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ಸಾಂದ್ರತೆಯನ್ನು ಬರೆದಿಡುವಾಗ ಯಾವ ಗಾತ್ರದಿಂದ ಭಾಗಿಸಿದಿರೆಂಬುದನ್ನೂ ಪಕ್ಕದಲ್ಲೇ ಬರೆಯಬೇಕು.

ಈ ಅಂಕಿ ಮನೆ ಕಟ್ಟುವವರಿಗೂ ಬೇಕಾಗುತ್ತದೆ. ಎರಡಡಿ ಉದ್ದ, ಎರಡಡಿ ಅಗಲ, ಒಂದಿಂಚು ದಪ್ಪದ ಪರಸಿಯ ಗಾತ್ರ ಸುಮಾರು 9,440 ಘನ ಸೆಂಟಿಮೀಟರ್, ಅದನ್ನು 2.65ರಿಂದ ಗುಣಿಸಿದರೆ ಒಂದು ಕಲ್ಲು ಹೆಚ್ಚುಕಡಿಮೆ 25 ಕಿಲೋಗ್ರಾಂ ತೂಗುತ್ತದೆ. ಗಾಡಿಗೆ ಎಷ್ಟು ಕಲ್ಲು ಹೇರಬಹುದು, ಮಹಡಿಯ ಮೇಲೆ ಒಂದೇ ಕಡೆ ಎಷ್ಟು ಪೇರಿಸಬಹುದು ಎಂಬುದನ್ನು ಕಲ್ಲು ತರಿಸುವ ಮೊದಲೇ ಇದರಿಂದ ಲೆಕ್ಕ ಹಾಕಿಕೊಳ್ಳಬಹುದು.